ವ್ಯಾಗನ್ ಬ್ರಿಜ್ಜು ಕಟ್ಟಿದವಳು

ಗುರುವಾರ ಬಂತೆಂದರೆ ಶಿವಕ್ಕ ವ್ಯಾನಿನೊಳಗೆ ಹೋಗಿ ಕೂರಬೇಕಿತ್ತು.

ಮುಂದಿನ ಸೀಟಿನಲ್ಲಲ್ಲ. ಹಿಂದೆ, ಸುಣ್ಣದ ಚೀಲ, ಹಾರೆ, ಹಗ್ಗ, ಒದ್ದೆ ಗೋಣಿತಟ್ಟು ತುಂಬಿದ ಜಾಗದಲ್ಲಿ. ಅಲ್ಲಿ ಕಿಟಕಿಯಿಲ್ಲ. ಬಾಗಿಲೆಳೆಯುವ ಮುಂಚೆ ಮುರಿಗೆಪ್ಪ ಪ್ರತಿ ಸಲ ಒಂದೇ ಮಾತು ಹೇಳುತ್ತಿದ್ದ.

"ಒಂದ್ ತಾಸು ಕುಂಡ್ರು ಶಿವಕ್ಕ. ಕೆಮ್ಮಬ್ಯಾಡ ಮತ್ತ."

ಕೆಮ್ಮಬಾರದಂತೆ. ಹುಟ್ಟಿದಾಗಿನಿಂದ ಕಲ್ಲಿನ ಧೂಳು ಕುಡಿದ ಎದೆ ಅದು. ಸುಣ್ಣದ ಚೀಲದ ಪಕ್ಕ ಮುಚ್ಚಿಟ್ಟರೆ ಕೆಮ್ಮದೆ ಇನ್ನೇನು ಮಾಡೀತು? ಶಿವಕ್ಕ ಮಫ್ಲರಿನ ತುದಿಯನ್ನು ಬಾಯಿಗೆ ತುರುಕಿಕೊಂಡು ಕೆಮ್ಮುತ್ತಿದ್ದಳು. ಕಣ್ಣಲ್ಲಿ ನೀರು ಬರುತ್ತಿತ್ತು. ತಗಡಿನ ಆಚೆಯಿಂದ ಮಾತು ಕೇಳುತ್ತಿತ್ತು. ಊರಾಡಳಿತದ ಕೌನ್ಸಿಲ್ಲಿನಿಂದ ತಪಾಸಣೆಗೆ ಬರುವ ಜೆನೆಟ್ ಎಂಬ ಹೆಣ್ಣುಮಗಳ ದನಿ. ಅವಳು ಪ್ರತಿ ವಾರ ಬಂದು ಹೊಸ ಕಲ್ಲಿನ ಮೇಲೆ ಕೈಯಾಡಿಸಿ ಹೊಗಳುತ್ತಿದ್ದಳು. ಹೊಗಳಿಸಿಕೊಳ್ಳುವವನು ನಿತೀಶ. ಮುರಿಗೆಪ್ಪನ ಅಣ್ಣನ ಮಗ. ತಲೆಗೆ ಹೆಲ್ಮೆಟ್ಟು, ಕೈಯಲ್ಲಿ ಕಲ್ಲು ಕೆತ್ತುವ ಶಿವಕ್ಕನ ಚಾಣ. ಆ ಚಾಣ ಹಿಡಿದು ನಿಲ್ಲುವುದಷ್ಟೇ ಅವನ ಕೆಲಸ.

"ಬ್ಯೂಟಿಫುಲ್ ವರ್ಕ್, ನಿತೀಶ್," ಅನ್ನುತ್ತಿದ್ದಳು ಜೆನೆಟ್.

"ಥ್ಯಾಂಕ್ ಯೂ," ಅನ್ನುತ್ತಿದ್ದ ಅವನು. ಆ ಥ್ಯಾಂಕ್ ಯೂ ಅನ್ನಲಿಕ್ಕಾದರೂ ನಾಲಿಗೆ ತಡವರಿಸಬೇಕಲ್ಲ. ಇಲ್ಲ. ಸಲೀಸಾಗಿ ಬರುತ್ತಿತ್ತು.

ಈ ಸೇತುವೆಯ ವಿಷಯ ಹೇಳಿಬಿಡಬೇಕು. ಲಂಡನ್ನಿನ ಅಂಚಿನ ಕ್ವೀನ್ಸ್‌ಬರಿಯ ಅಂಗಡಿಸಾಲು ದಾಟಿ, ಮನೆಗಳು ಮುಗಿದು, ಒಂದು ಪಾರ್ಕು ಬರುತ್ತದೆ. ಪಾರ್ಕಿನ ನಡುವೆ ಒಂದು ಹಳ್ಳ. ಹಳ್ಳಕ್ಕೆ ಒಂದೇ ಕಮಾನಿನ ಕಲ್ಲು ಸೇತುವೆ. ಮೋಟಾರು ಬರುವ ಮುಂಚೆ ಲಂಡನ್ನಿಗೆ ಹುಲ್ಲು, ಕಾಳು ಹೊತ್ತು ಬರುತ್ತಿದ್ದ ಕುದುರೆಗಾಡಿಗಳ ದಾರಿ ಅದು. ಈಗಲೂ ಜನ ಅದನ್ನು ವ್ಯಾಗನ್ ಬ್ರಿಜ್ ಅಂತಲೇ ಕರೆಯುತ್ತಾರೆ. ಇದೇ ದಾರಿ ಹಿಡಿದು ಹೋದವರು ಹಡಗು ಹತ್ತಿ ಅಮೆರಿಕಕ್ಕೆ ಹೋಗಿ, ಅಲ್ಲೂ ಇಂಥದೇ ಗಾಡಿದಾರಿ, ಇಂಥದೇ ಕಲ್ಲು ಸೇತುವೆ ಮಾಡಿಕೊಂಡರಂತೆ. ಹಾಗಂತ ಪಾರ್ಕಿನ ಬೋರ್ಡು ಹೇಳುತ್ತದೆ. ಗಾಡಿಗಳ ಮಾಲೀಕನ ಹೆಸರು ಬೋರ್ಡಿನಲ್ಲಿದೆ. ಜಾಗ ಕೊಟ್ಟ ಜಮೀನುದಾರನ ಹೆಸರಿದೆ. ಉದ್ಘಾಟನೆಗೆ ಬಂದ ಪಾದ್ರಿಯ ಹೆಸರೂ ಇದೆ. ಕಲ್ಲು ಹೊತ್ತವರ, ಕೆತ್ತಿದವರ ಹೆಸರಿಲ್ಲ. ಯಾವ ದೇಶಕ್ಕೆ ಹೋದರೂ ಈ ಒಂದು ವಿಷಯದಲ್ಲಿ ಎಲ್ಲರೂ ಒಂದೇ.

ಕಸದ ಲಾರಿಯೊಂದು ಹಿಂದಕ್ಕೆ ಬರುವಾಗ ಗುದ್ದಿ ಸೇತುವೆಯ ಒಂದು ಮಗ್ಗುಲು ಹಳ್ಳಕ್ಕೆ ಬಿತ್ತು. ಕೌನ್ಸಿಲ್ಲಿನವರು ತಂತಿಬೇಲಿ ಹಾಕಿ ಸುಮ್ಮನಾದರು. ಆಗ ಮುರಿಗೆಪ್ಪ ಮುಂದೆ ಬಂದ. ಅವನದು ಮನೆ ಹಿತ್ತಿಲಿಗೆ ಕಲ್ಲು ಹಾಸುವ ಕಂಪನಿ. ಹ್ಯಾರೋದಲ್ಲಿ ಮನೆ, ಎರಡು ಕಾರು, ಆ ಕಡೆಯ ಸಣ್ಣದೊಂದು ಕನ್ನಡ ಕೂಟಕ್ಕೆ ಅಧ್ಯಕ್ಷಗಿರಿ. ಮುಂದಿನ ಕೌನ್ಸಿಲ್ ಚುನಾವಣೆಗೆ ನಿಲ್ಲುವ ಆಸೆ. "ನಮ್ಮ ಕನ್ನಡಿಗರ ಕಡೆಯಿಂದ ಈ ಸೇತುವೆ ರಿಪೇರಿ ಮಾಡಿಕೊಡ್ತೀವಿ," ಅಂತ ಹೇಳಿ ಬಂದ. ಪೇಪರಿನಲ್ಲಿ ಫೋಟೋ ಬಂತು.

ಹೇಳುವುದು ಸುಲಭ. ಮಾಡುವವರು ಯಾರು? ಕಾರ್ಖಾನೆಯಲ್ಲಿ ಕೊಯ್ದ ಚಪ್ಪಡಿ ಹಾಸುವುದು ಬೇರೆ, ಕಮಾನಿಗೆ ಕಲ್ಲು ಕೂರಿಸುವುದು ಬೇರೆ. ನಿತೀಶನಿಗೆ ಕಲ್ಲುಕೆಲಸದ ಕಾರ್ಡಿತ್ತು. ಕಾಲೇಜಿಗೆ ಹೋಗಿ ಪಡೆದದ್ದು. ಕೆಲಸ ಬರುತ್ತಿದ್ದದ್ದು ಶಿವಕ್ಕನಿಗೆ. ಅವಳಿಗೆ ಕಾರ್ಡಿರಲಿಲ್ಲ.

ಶಿವಕ್ಕ ಮುದ್ದೇಬಿಹಾಳದ ಕಡೆಯವಳು. ವಡ್ಡರ ಓಣಿಯವಳು. ಗಂಡ ದುರಗಪ್ಪ ದೇವಸ್ಥಾನದ ಕಲ್ಲು ಕೆತ್ತಲು ಲಂಡನ್ನಿಗೆ ಬಂದವನು. ಹೆಂಡತಿಯನ್ನೂ ಸಣ್ಣ ಮಗಳನ್ನೂ ಕರೆದುಕೊಂಡು ಬಂದ. ಅವಳ ಕುಲದಲ್ಲಿ ಗಂಡಸರು ಕಲ್ಲು ಕೆತ್ತಬೇಕು, ಹೆಂಗಸರು ಹೊರಬೇಕು. ದುರಗಪ್ಪನ ಎದೆ ಕೆಟ್ಟು, ಸುತ್ತಿಗೆ ಎತ್ತಿದರೆ ಉಸಿರು ಸಾಲದಾದಾಗ ಶಿವಕ್ಕ ಚಾಣ ಹಿಡಿದಳು. ಅವನು ಕುರ್ಚಿಯಲ್ಲಿ ಕೂತು ಹೇಳುತ್ತಿದ್ದ. ಅವಳು ಹೊಡೆಯುತ್ತಿದ್ದಳು. ಹೀಗೆ ಕಲಿತದ್ದು. ದುರಗಪ್ಪ ಸತ್ತ. ಕೆಲಸ ಅವಳ ಕೈಯಲ್ಲಿ ಉಳಿಯಿತು.

ಆದರೆ ಈ ದೇಶದಲ್ಲಿ ಕೈಗಿಂತ ಕಾರ್ಡು ದೊಡ್ಡದು. ಕಾರ್ಡಿದ್ದವರನ್ನು ಯಾವ ಕೆಲಸದ ಜಾಗದಲ್ಲೂ ಒಳಗೆ ಬಿಡುತ್ತಾರೆ. ಇಲ್ಲದವರಿಗೆ ಗೇಟಿನಲ್ಲೇ ನಮಸ್ಕಾರ. ಇಲ್ಲದವರು ಮುರಿಗೆಪ್ಪನಂಥವನ ವ್ಯಾನು ಹತ್ತಬೇಕು, ಅವನು ಕೂರು ಅಂದಲ್ಲಿ ಕೂರಬೇಕು. ಕಾರ್ಡು ಸಿಗಬೇಕಾದರೆ, ಈಕೆ ಇಂಥ ಕೆಲಸ ಮಾಡಿದ್ದನ್ನು ಬಲ್ಲೆ ಅಂತ ಜವಾಬ್ದಾರಿಯವರೊಬ್ಬರು ಸಾಕ್ಷಿ ಹೇಳಬೇಕು. ಜೆನೆಟ್ ಹೇಳಿದರೆ ನಡೆಯುತ್ತಿತ್ತು. ಅದನ್ನು ಮುರಿಗೆಪ್ಪನೇ ಬಾಯಿಬಿಟ್ಟು ಹೇಳಿದ್ದ.

"ಬ್ರಿಜ್ ಮುಗಸು. ಮುಗದ ದಿನ ಜೆನೆಟ್ ಮುಂದ ನಿಲ್ಲಿಸಿ, ಇದನ್ನ ಕಟ್ಟಿದಾಕಿ ಈಕಿ ಅಂತ ಹೇಳ್ತೀನಿ. ಮೊದಲs ಹೇಳಿದ್ರ ಕಾರ್ಡಿಲ್ಲ ಅಂತ ಕೆಲಸ ನಿಲ್ಲಸ್ತಾರ. ತಿಳೀತಿಲ್ಲೊ?"

"ತಿಳೀತ್ರೀ ಸಾವ್ಕಾರ್ರ," ಅಂದಿದ್ದಳು ಶಿವಕ್ಕ. ಲಂಡನ್ನಿಗೆ ಬಂದರೂ ಅವಳ ಬಾಯಲ್ಲಿ ಸಾವ್ಕಾರ್ರ ಹೋಗಿರಲಿಲ್ಲ.

ಚಳಿಗಾಲ ಪೂರ್ತಿ ಅವಳು ಹಳ್ಳದಲ್ಲಿ ನಿಂತಳು. ರಬ್ಬರಿನ ಬೂಟಿನೊಳಕ್ಕೆ ನೀರು ಇಳಿಯುತ್ತಿತ್ತು. ಮೊಣಕಾಲಿನ ಕೆಳಗೆ ಕಾಲಿದೆಯೋ ಇಲ್ಲವೋ ತಿಳಿಯುತ್ತಿರಲಿಲ್ಲ. ಬಿದ್ದ ಕಲ್ಲನ್ನು ಕೆಸರಿನಿಂದ ಹಾರೆ ಹಾಕಿ ಮೀಟಬೇಕು, ಹಗ್ಗ ಬಿಗಿಯಬೇಕು, ದಂಡೆಗೆ ಎಳೆಯಬೇಕು. ಒಡೆದದ್ದರ ಬದಲಿಗೆ ಹೊಸದು ಕೆತ್ತಬೇಕು. ಸುಣ್ಣ ತಿಂದು ಬೆರಳ ಸಂದು ಬಿರಿದು ರಕ್ತ ಬರುತ್ತಿತ್ತು. ರಾತ್ರಿ ಮಗಳು ಪ್ರತೀಕ್ಷಾ ವ್ಯಾಸಲೀನ್ ಹಚ್ಚುತ್ತಿದ್ದಳು. ಬೆಳಗ್ಗೆ ಮತ್ತೆ ಅದೇ ನೀರು, ಅದೇ ಸುಣ್ಣ.

ಉಚ್ಚೆಗೆ ಹೋಗಬೇಕೆಂದರೆ ಪಾರ್ಕಿನ ಕೆಫೆಯಲ್ಲಿ ಮಾತ್ರ ಜಾಗ. ನಿತೀಶ ಹೋಗಿ ಕಾಫಿ ಕುಡಿದು ಬರುತ್ತಿದ್ದ. ಶಿವಕ್ಕ ಹೊರಟರೆ ಅವನೇ ತಡೆಯುತ್ತಿದ್ದ.

"ಏ, ಆ ಕೆಸರಿನ್ಯಾಗ ಎಲ್ಲಿಗಿ ಹೊಂಟಿ? ನಮ್ಮ ಕಂಪನಿ ಹೆಸರು ಅದ ಜಾಕೆಟ್ ಮ್ಯಾಲ."

ತಾಯಿಯ ವಯಸ್ಸಿನವಳಿಗೆ ನೀನು, ಏ, ಹೊಂಟಿ. ಇವನೇ ಸಂಜೆ ಕೂಟದ ಮಕ್ಕಳಿಗೆ ವಚನ ಹೇಳಿಕೊಡುತ್ತಿದ್ದ. ಶಿವಕ್ಕ ಪೊದೆಯ ಹಿಂದೆ ಹೋಗುತ್ತಿದ್ದಳು. ನಾಯಿ ತಿರುಗಿಸಲು ಬಂದ ಯಾರಾದರೂ ಕಂಡರೆ ಅರ್ಧಕ್ಕೇ ಎದ್ದು ಬರುತ್ತಿದ್ದಳು. ಹೊಟ್ಟೆಯ ಕೆಳಗೆ ಉರಿ ಶುರುವಾಯಿತು. ಜಿಪಿ ಡಾಕ್ಟರ ಹತ್ತಿರ ಹೋದರೆ, ನೀರು ಜಾಸ್ತಿ ಕುಡಿ ಅಂದರು. ನೀರು ಕುಡಿದರೆ ಮತ್ತೆ ಹೋಗಬೇಕಲ್ಲ, ಅದಕ್ಕೇ ಅವಳು ಕುಡಿಯುವುದನ್ನು ಬಿಟ್ಟಿದ್ದಳು.

ಇಷ್ಟಾದರೂ ಕಮಾನು ಎದ್ದಿತು. ಒಳಗೆ ಕೊಟ್ಟಿದ್ದ ಮರದ ಆಧಾರವನ್ನು ಬಿಚ್ಚಿದ ದಿನ ಶಿವಕ್ಕ ಅದರ ಕೆಳಗೇ ನಿಂತಳು. ಬಿದ್ದರೆ ತನ್ನ ಮೇಲೇ ಬೀಳಲಿ ಅಂತ. ಬೀಳಲಿಲ್ಲ. ಒಬ್ಬಳೇ ನಕ್ಕಳು. ಆ ದಿನ ಅವಳಿಗೆ ಆದ ಸಂತೋಷವನ್ನು ಯಾರಿಗೂ ಹೇಳಲು ಆಗಲಿಲ್ಲ. ಯಾಕೆಂದರೆ ಮಾರನೆಯ ದಿನ ಗುರುವಾರ.

ಉದ್ಘಾಟನೆಯ ಮುಂಚಿನ ಭಾನುವಾರ ಮುರಿಗೆಪ್ಪ ಶಿವಕ್ಕನನ್ನು ಮನೆಗೆ ಕರೆಸಿದ. ಕೂಟದ ನಾಲ್ಕಾರು ಜನ ಒಳಗೆ ಸೋಫಾದ ಮೇಲಿದ್ದರು. ಶಿವಕ್ಕ ಹಿತ್ತಿಲಿನಲ್ಲಿ, ತಾನೇ ಹಾಸಿದ ಕಲ್ಲಿನ ಮೇಲೆ ಪ್ಲಾಸ್ಟಿಕ್ ಕುರ್ಚಿಯಲ್ಲಿ. ನಡುವೆ ಗಾಜಿನ ಬಾಗಿಲು. ಗಾಳಿಗೆಂದು ಅದನ್ನು ತೆರೆದಿದ್ದರು, ಅವಳಿಗೆಂದಲ್ಲ. ಆಹ್ವಾನದ ಪಠ್ಯ ಓದಿ ನೋಡುತ್ತಿದ್ದ ಮುರಿಗೆಪ್ಪನ ಹೆಂಡತಿ ಗುರುದೇವಿ ಮೂಗು ಮುರಿದಳು.

"ಏನ್ರೀ ಇದು, ಭಾಷಾ ಎಲ್ಲಾ ವಡ್ಡವಡ್ಡ ಆಗ್ಯದ. ಸ್ವಲ್ಪ ನಾಜೂಕ್ ಬರಸ್ರಿ."

ಎಲ್ಲರೂ ಹೌದು ಹೌದು ಅಂದರು. ಒಬ್ಬರಿಗಾದರೂ ಹೊರಗೆ ಕೂತವಳ ಕಡೆ ನೋಡಬೇಕೆನಿಸಲಿಲ್ಲ. ಗುರುದೇವಿಗಂತೂ ತಾನು ಏನಂದೆನೆಂಬುದೇ ತಿಳಿಯಲಿಲ್ಲ. ಸಿಟ್ಟು ಬರುವುದೇ ಅದಕ್ಕೆ. ಬೈದರೆ ತಿರುಗಿ ಬೈಯಬಹುದು. ಕನ್ನಡದಲ್ಲಿ ಅಂದಗೆಟ್ಟದ್ದಕ್ಕೆಲ್ಲ ನಮ್ಮ ಜಾತಿಯ ಹೆಸರಿಟ್ಟು, ಅದು ಬೈಗುಳವೆಂಬುದನ್ನೂ ಮರೆತು, ಚಹಾ ಕುಡಿಯುತ್ತ ಮಾತಾಡುವವರಿಗೆ ಏನನ್ನುವುದು? ಇದೇ ಹೆಂಗಸಿನ ಹಿತ್ತಿಲಿನ ಕಲ್ಲು ನೀರು ನಿಲ್ಲದಂತೆ ಇಳಿಜಾರಾಗಿ ಹಾಸಿದ್ದು ಯಾರು? ಶಿವಕ್ಕ ಕುರ್ಚಿಯ ಹಿಡಿ ಹಿಡಿದುಕೊಂಡು ಕೂತಳು.

ಮುರಿಗೆಪ್ಪ ಬಾಗಿಲ ತನಕ ಬಂದ.

"ಶಿವಕ್ಕ, ಬ್ರಿಜ್ ಬದೀ ಕಟಾಂಜನದ ಕಡೀ ಕಲ್ಲೊಂದು ಉಳದದಲ್ಲ. ಅದನ್ನ ನಾವು ನಾಲ್ಕು ಮಂದಿ ಹೊತ್ತು ಕುಂಡ್ರಸೂದು. ನಮ್ಮ ಊರಾಗ ನಮ್ಮಪ್ಪ ಬಾವಿ ಕಟ್ಟಸುವಾಗ ನಿಮ್ಮವರು ಬೊಂಬು ಹಾಕಿ ಹೊತ್ತು ಹೈಸಾ ಹೈಸಾ ಅಂತಿದ್ರಲ್ಲ. ಆ ಹಾಡು, ಆ ಪದ ನೀ ಹೇಳಬೇಕು. ಬಿಳೇರಿಗೆ ಇಂಥಾದ್ದು ಭಾಳ ಸೇರ್ತದ."

"ಅದು ಪದ ಅಲ್ರೀ ಸಾವ್ಕಾರ್ರ. ಕೆಲಸ ಅದು."

"ಅದs. ಏನೋ ಒಂದು."

ಏನೋ ಒಂದಲ್ಲ ಅದು. ದೊಡ್ಡ ಕಲ್ಲನ್ನು ಹಗ್ಗದಲ್ಲಿ ತೂಗಿ, ಬೊಂಬಿಗೆ ಹೆಗಲು ಕೊಟ್ಟು ಹೊರುವಾಗ ಒಬ್ಬರು ಮುಂದೆ ನಿಂತು ಸಾಲು ಹೇಳುತ್ತಾರೆ. ಹೊತ್ತವರು ಹೈಸಾ ಅನ್ನುತ್ತಾರೆ. ಆ ಹೈಸಾಕ್ಕೆ ಎಲ್ಲರ ಹೆಜ್ಜೆ ಒಟ್ಟಿಗೆ ಬೀಳಬೇಕು. ಒಬ್ಬ ತಪ್ಪಿದರೆ ಕಲ್ಲು ವಾಲುತ್ತದೆ, ಯಾರದೋ ಕಾಲು ಹೋಗುತ್ತದೆ. ಇಳಿ ಅಂತ ಹೇಳುವವರ ಬಾಯಿಂದ ಬರುವ ತನಕ ಯಾರೂ ಹೆಗಲು ಕೊಡವುವಂತಿಲ್ಲ. ಸಾಲಿನಲ್ಲಿ ಏನು ಬೇಕಾದರೂ ಹೇಳಬಹುದು. ಅವಳ ಅಪ್ಪ ಮೇಸ್ತ್ರಿಯನ್ನೂ ಜಮೀನುದಾರನನ್ನೂ ಅವರೆದುರೇ ಸಾಲಿನಲ್ಲಿಟ್ಟು ಬೈಯುತ್ತಿದ್ದ. ಕಲ್ಲು ಹೆಗಲ ಮೇಲಿದ್ದಾಗ ಬಾಯಿ ಮುಚ್ಚು ಅನ್ನಲು ಯಾರಿಗೂ ಧೈರ್ಯವಿರಲಿಲ್ಲ.

ಶಿವಕ್ಕ ಇದನ್ನೆಲ್ಲ ಬಿಡಿಸಿ ಹೇಳಿದಳು. "ಕಲ್ಲು ಮ್ಯಾಲಿದ್ದಾಗ ನಾ ಹೇಳಿದ್ದs ಮಾತು. ನಾ ಇಳಿ ಅಂದಾಗ ಇಳಸೂದು. ನಡುವ ಬಿಟ್ರ ಕಾಲ ಮುರೀತದ."

"ಆತು ತಾಯಿ, ನೀ ಹೇಳಿದ್ದs ಮಾತು," ಅಂತ ಮುರಿಗೆಪ್ಪ ನಕ್ಕ. ಒಳಗಿದ್ದವರೂ ನಕ್ಕರು.

"ಜೆನೆಟ್ ಮುಂದ ಹೇಳ್ತೀರಿಲ್ಲ, ನಾ ಕಟ್ಟಿದ್ದಂತ?"

"ಹೇಳ್ತೀನಿ ಅಂದೆನಲ್ಲ. ಎಷ್ಟ್ ಸಲ ಕೇಳ್ತಿ?"

ಮನೆಗೆ ಬಂದು ಪ್ರತೀಕ್ಷಾಗೆ ಹೇಳಿದಳು. ಮಗಳು ಸ್ಟ್ರಾಟ್‌ಫರ್ಡಿನ ದೊಡ್ಡ ಮಾಲಿನಲ್ಲಿ ಚಪ್ಪಲಿ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ನಿಂತು ನಿಂತು ಊದಿದ ಪಾದವನ್ನು ಬಿಸಿನೀರಿನ ಟಬ್ಬಿನಲ್ಲಿಟ್ಟುಕೊಂಡಿದ್ದಳು. ಅವ್ವನ ಮಾತೆಲ್ಲ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ಯಾವಾಗಲೂ ಇಂಗ್ಲಿಷಿನಲ್ಲಿ.

"ಹಿ ವೋಂಟ್, ಮಮ್ಮಿ."

"ಹೇಳ್ತಾನ. ಮಂದಿ ಮುಂದ ಮಾತು ಕೊಟ್ಟಾನ."

"ಹಿ ವೋಂಟ್," ಅಂದಳು ಮತ್ತೆ. ಶಿವಕ್ಕನಿಗೆ ಮಗಳ ಮೇಲೆಯೇ ಸಿಟ್ಟು ಬಂತು. ಅನ್ನ ಬಡಿಸಿ, ತಾನು ಉಣ್ಣದೆ ಮಲಗಿದಳು.

ಉದ್ಘಾಟನೆಯ ಶನಿವಾರ ಒಳ್ಳೆಯ ಬಿಸಿಲು. ಹಳ್ಳದ ದಂಡೆಯಲ್ಲಿ ಶಾಮಿಯಾನ ಹಾಕಿದ್ದರು. ಕೆಂಪು ಹಳದಿ ಬಾವುಟ ಕಟ್ಟಿದ್ದರು. ಇಡ್ಲಿ ವಡೆಯ ವಾಸನೆ ಪಾರ್ಕು ತುಂಬಿತ್ತು. ಕೂಟದ ಹೆಂಗಸರು ಇಳಕಲ್ ಸೀರೆ, ರೇಷ್ಮೆ ಸೀರೆ ಉಟ್ಟು ಬಂದಿದ್ದರು. ಶಿವಕ್ಕನಿಗೂ ಗುರುದೇವಿ ಒಂದು ಸೀರೆ ಕಳಿಸಿದ್ದಳು. ಹೊಲದ ಹೆಣ್ಣಾಳಿನಂತೆ ಕಚ್ಚೆ ಹಾಕಿ ಉಟ್ಟು ಬರಬೇಕೆಂದು ಹೇಳಿ ಕಳಿಸಿದ್ದಳು. ಶಿವಕ್ಕ ಅದನ್ನು ಉಡಲಿಲ್ಲ. ಕೆಲಸದ ಪ್ಯಾಂಟು, ಬೂಟು, ಹಳದಿ ಜಾಕೆಟ್ಟು ಹಾಕಿಕೊಂಡು ಬಂದಳು. ಕಟ್ಟಿದವಳೆಂದು ಹೇಳುವಾಗ ಕಟ್ಟಿದವಳ ಹಾಗೆಯೇ ಕಾಣಬೇಕಲ್ಲ. ಪ್ರತೀಕ್ಷಾ ರಜೆ ಹಾಕಿ ಬಂದು ಗುಂಪಿನ ಅಂಚಿನಲ್ಲಿ ನಿಂತಿದ್ದಳು.

ಜೆನೆಟ್ ಬಂದಳು. ಸೇತುವೆಯ ನಡುಮಧ್ಯಕ್ಕೆ ಹೋಗಿ ಹೈಹೀಲ್ಡ್ ಚಪ್ಪಲಿಯಲ್ಲಿ ಎರಡು ಸಲ ಕುಪ್ಪಳಿಸಿ, ಇನ್ನೂ ಇನ್ನೂರು ವರ್ಷ ಬಾಳುತ್ತದೆ ಅಂದಳು. ಎಲ್ಲರೂ ನಕ್ಕರು.

ಮುರಿಗೆಪ್ಪ ಮೈಕು ಹಿಡಿದ. ಇಂಗ್ಲಿಷಿನಲ್ಲಿ ಮಾತಾಡಿದ. ನಮ್ಮ ನಾಡು ಬಾದಾಮಿ ಐಹೊಳೆಯ ಶಿಲ್ಪಿಗಳ ನಾಡು, ಕಲ್ಲು ನಮ್ಮ ರಕ್ತದಲ್ಲಿದೆ ಅಂದ. ಶಿವಕ್ಕನಿಗೆ ಬಾದಾಮಿ, ಐಹೊಳೆ ತಿಳಿಯಿತು. ರಕ್ತ ಅಂದದ್ದನ್ನು ಪಕ್ಕದಲ್ಲಿದ್ದವರು ಕನ್ನಡದಲ್ಲಿ ಹೇಳಿಕೊಂಡು ಮೆಚ್ಚಿದರು. ಇವನ ರಕ್ತದಲ್ಲಿ ಕಲ್ಲು ಯಾವಾಗ ಸೇರಿತು ದೇವರೇ ಬಲ್ಲ. ಆಮೇಲೆ ನಿತೀಶನನ್ನು ಕರೆದ. ನಿತೀಶ ಮುಂದೆ ಬಂದು ತಲೆ ಬಾಗಿಸಿದ. ಮೇಸನ್ ಅನ್ನುವ ಮಾತು ಕೇಳಿತು. ಜೆನೆಟ್ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದಳು.

ಶಿವಕ್ಕ ಕಾದಳು. ಈಗ ಕರೆಯುತ್ತಾನೆ ಅಂದುಕೊಂಡಳು. ಕರೆದ.

"ಅಂಡ್ ನೌ, ಅವರ್ ಫೋಕ್ ಸಿಂಗರ್, ಶಿವಕ್ಕ."

ಫೋಕ್ ಸಿಂಗರ್. ಆ ಎರಡು ಮಾತು ಅವಳಿಗೂ ಗೊತ್ತಿತ್ತು. ಹೊಟ್ಟೆಯ ಕೆಳಗಿನ ಉರಿ ಎದೆಗೆ ಏರಿತು. ಬೆರಳ ಸಂದಿನ ಬಿರುಕು ಇನ್ನೂ ಮಾಯ್ದಿರಲಿಲ್ಲ. ಇವನಿಗೆ ನಾನು ಹಾಡುವವಳು.

ಅವಳು ಅಳಲಿಲ್ಲ. ಕಲ್ಲಿನ ಹತ್ತಿರ ಹೋಗಿ ಹಗ್ಗ ಸರಿಯಾಗಿದೆಯೇ ನೋಡಿದಳು.

ಕಟಾಂಜನದ ಆ ಕಲ್ಲು ದಂಡೆಯ ಹುಲ್ಲಿನ ಮೇಲಿತ್ತು. ಎರಡು ಬೊಂಬು, ನಾಲ್ಕು ಹೆಗಲು. ಮುಂದೆ ಮುರಿಗೆಪ್ಪ ಮತ್ತು ಆ ವಾರ್ಡಿನ ಬಿಳಿಯ ಕೌನ್ಸಿಲರು. ಹಿಂದೆ ನಿತೀಶ ಮತ್ತು ಕುಂದಾಪುರದ ಕಡೆಯ ಹೋಟೆಲಿನ ದೇಜಪ್ಪ, ಊಟದ ಖರ್ಚು ಅವನದೇ ಆದ್ದರಿಂದ ಅವನಿಗೂ ಒಂದು ಹೆಗಲು ಕೊಟ್ಟಿದ್ದರು. ನಾಲ್ವರಿಗೂ ಹೆಲ್ಮೆಟ್ಟು. ಮುರಿಗೆಪ್ಪ ಹೆಲ್ಮೆಟ್ಟಿನ ಮೇಲೆಯೇ ಪೇಟ ಸುತ್ತಿಸಿಕೊಂಡಿದ್ದ.

ಶಿವಕ್ಕ ಮುಂದೆ ನಿಂತು ದನಿ ಎತ್ತಿದಳು.

"ಎತ್ತರೆಪ್ಪಾ ಎತ್ತರೀ..."

"ಹೈಸಾ," ಅಂದರು ನಾಲ್ವರು. ಕಲ್ಲು ಹುಲ್ಲು ಬಿಟ್ಟು ಮೇಲೆದ್ದಿತು. ಜನ ಕೇಕೆ ಹಾಕಿದರು.

"ಹಗುರs ಹಗುರs ಹೆಜ್ಜೀ ಇಡರೀ..."

"ಹೈಸಾ."

ಬಿಳಿಯ ಮಕ್ಕಳೂ ಹೈಸಾ ಅನ್ನತೊಡಗಿದರು. ಕ್ಯಾಮೆರಾಗಳು ಮೇಲೆದ್ದವು. ಕಲ್ಲು ತೂಗಾಡುತ್ತ ಸೇತುವೆಯ ಏರು ಹತ್ತಿತು. ಮುರಿಗೆಪ್ಪನ ಮುಖದಲ್ಲಿ ಬೆವರು. ಕಲ್ಲು ಕೂರಬೇಕಾದ ಜಾಗ ಬಂತು. ಅಲ್ಲಿ ಸುಣ್ಣದ ಗಾರೆ ಹಾಸಿ ಇಟ್ಟಿದ್ದಳು. ಶಿವಕ್ಕ ನಿಂತಳು. ಅವರೂ ನಿಂತರು. ಈಗ ಇಳಿ ಅನ್ನಬೇಕು. ಅವಳು ಅನ್ನಲಿಲ್ಲ.

"ಹಳ್ಳದ ನೀರಾಗ ನಿಂತಾಕ್ಯಾರೋ..."

"ಹೈಸಾ," ಅಂದರು ಎಲ್ಲರೂ. ಮುರಿಗೆಪ್ಪನೂ ಅಂದ, ರೂಢಿಯ ಮೇಲೆ.

"ಕಲ್ಲಿಗಿ ಚಾಣಾ ಹಿಡದಾಕ್ಯಾರೋ..."

"ಹೈಸಾ."

"ಗುರುವಾರಕೊಮ್ಮಿ ಮುಚ್ಚಿಟ್ಟದ್ಯಾರ್ನೋ..."

ಈ ಸಲ ಬಿಳಿಯರ ಹೈಸಾ ಮಾತ್ರ ಕೇಳಿತು. ಕನ್ನಡದವರ ಬಾಯಿ ಕಟ್ಟಿತು. ಮುರಿಗೆಪ್ಪ ಕಣ್ಣು ಕೆಂಪಗೆ ಮಾಡಿ ಅವಳನ್ನು ನೋಡಿದ. ಅವನು ಸುಮ್ಮನಾದದ್ದಕ್ಕೆ ಬೊಂಬು ಒಂದು ಮಗ್ಗುಲಿಗೆ ವಾಲಿತು.

"ಹೇಳಿ ಮಾರಾಯ್ರೆ," ಅಂದ ಹಿಂದಿನಿಂದ ದೇಜಪ್ಪ, ಹಲ್ಲು ಕಚ್ಚಿ. "ಎಂಥ ಬೇಕಾದ್ರೂ ಹೇಳಿ. ನನ್ನ ಭುಜ ಹೋಯ್ತು."

"ಹೈಸಾ," ಅಂದ ಮುರಿಗೆಪ್ಪ.

"ವ್ಯಾನಿನ ಕತ್ತಲ್ದಾಗ ಕುಂತಾಕ್ಯಾರೋ..."

"ಹೈಸಾ. ಶಿವಕ್ಕ, ಸಾಕು. ಇಳಿ ಅನ್ನು."

"ಕಟ್ಟಿದಾಕಿ ಯಾರು ಹೇಳ್ರಿ. ಇಂಗ್ಲಿಷಿನಾಗ ಹೇಳ್ರಿ. ಜೆನೆಟ್‌ಗ ಕೇಳೂ ಹಂಗ."

"ಆಮ್ಯಾಲ ಹೇಳ್ತೀನಿ."

"ಆಮ್ಯಾಲ ಅನ್ನೂದು ಚಳಿಗಾಲದಿಂದ ಕೇಳೀನಿ. ಈಗ ಹೇಳ್ರಿ."

ಕಲ್ಲು ನಡುಗುತ್ತಿತ್ತು. ಬಿಳಿಯ ಕೌನ್ಸಿಲರ್ ಏನಾಗುತ್ತಿದೆಯೆಂದು ತಿಳಿಯದೆ ಇನ್ನೂ ನಗುತ್ತಿದ್ದ. ಆದರೆ ಕಾಲು ನಡುಗುತ್ತಿತ್ತು. ಮುರಿಗೆಪ್ಪನ ಪೇಟ ಕಣ್ಣ ಮೇಲೆ ಇಳಿದಿತ್ತು. ಎತ್ತಿ ಸರಿ ಮಾಡಲು ಕೈ ಬಿಡುವಿರಲಿಲ್ಲ.

"ಜೆನೆಟ್," ಅಂದ ಅವನು. ದನಿ ಸೀಳಿತ್ತು. "ದಿಸ್ ಲೇಡಿ ಬಿಲ್ಟ್ ಇಟ್. ಶಿವಕ್ಕ. ಶಿ ಬಿಲ್ಟ್ ಇಟ್."

"ಇಳಿ," ಅಂದಳು ಶಿವಕ್ಕ.

ಇಳಿಸಿದರು. ಹಾರೆ ಹಾಕಿ ಒಂದಿಷ್ಟು ಸರಿಸಿದಳು. ಕಲ್ಲು ಗಾರೆಯ ಮೇಲೆ ಕೂತಿತು.

ಜನ ಚಪ್ಪಾಳೆ ತಟ್ಟಿದರು. ಯಾರಿಗೆ ಗೊತ್ತೇ? ಮುರಿಗೆಪ್ಪನಿಗೆ. ಎಂಥ ದೊಡ್ಡ ಮನಸ್ಸು, ಆಳಿನ ಹೆಸರನ್ನೂ ಬಿಡದೆ ಹೇಳಿದ ಅಂತ. ಅವನೂ ಬಲು ಚುರುಕು, ಪೇಟ ಸರಿ ಮಾಡಿಕೊಂಡು ಕೈ ಮುಗಿಯುತ್ತಿದ್ದ.

ಜೆನೆಟ್ ಮಾತ್ರ ಚಪ್ಪಾಳೆ ತಟ್ಟಲಿಲ್ಲ. ಶಿವಕ್ಕನ ಹತ್ತಿರ ಬಂದು ಏನೋ ಕೇಳಿದಳು. ಪ್ರತೀಕ್ಷಾ ಗುಂಪು ಸೀಳಿಕೊಂಡು ಅವ್ವನ ಪಕ್ಕ ಬಂದು ನಿಂತಳು. ಮುರಿಗೆಪ್ಪ ಅಡ್ಡ ಬಾಯಿ ಹಾಕಿದ. "ಈಕಿ ಹೆಲ್ಪ್ ಮಾಡ್ಯಾಳ ಅಷ್ಟ, ಹಂಗ ಹೇಳವಾ ಆಕಿಗಿ," ಅಂದ. ಪ್ರತೀಕ್ಷಾ ಅವನ ಕಡೆ ತಿರುಗಲಿಲ್ಲ. ಅವ್ವ ಹೇಳಿದ್ದನ್ನು ಒಂದೊಂದಾಗಿ ಇಂಗ್ಲಿಷಿಗೆ ತಿರುಗಿಸಿದಳು. ಹಳ್ಳದಿಂದ ತೆಗೆದ ಕಲ್ಲು. ಕೆತ್ತಿದ ಕಲ್ಲು. ಗುರುವಾರದ ವ್ಯಾನು. ವ್ಯಾನಿನ ಮಾತು ಬಂದಾಗ ಅವಳು ಅವ್ವನ ಕಡೆ ತಿರುಗಿ ಇನ್ನೊಮ್ಮೆ ಕೇಳಿಕೊಂಡಳು. ಅದನ್ನು ಅವ್ವ ಮನೆಯಲ್ಲಿ ಯಾವತ್ತೂ ಹೇಳಿರಲಿಲ್ಲ.

ಶಿವಕ್ಕ ಕಾರ್ಡಿನ ವಿಷಯ ಕೇಳು ಅಂತ ಮಗಳಿಗೆ ಮೊಣಕೈಯಿಂದ ತಿವಿದಳು. ಪ್ರತೀಕ್ಷಾ ಕೇಳಿದಳು. ಜೆನೆಟಳ ಮುಖ ಬಿಳಿಚಿಕೊಂಡಿತ್ತು. ಅವಳು ಕೆಟ್ಟ ಹೆಂಗಸಲ್ಲ. ಸಾರಿ ಅಂದಳು, ಶಿವಕ್ಕನ ಕೈ ಮುಟ್ಟಿದಳು. ಆಮೇಲೆ ಗುಂಪಿನ ಕಡೆ ತಿರುಗಿ ಎರಡೂ ಕೈ ಮೇಲೆತ್ತಿ ಜೋರಾಗಿ ಏನೋ ಹೇಳಿದಳು. ಸೇತುವೆಯ ಮೇಲಿದ್ದವರೆಲ್ಲ ಗಡಬಡಿಸಿ ಇಳಿಯತೊಡಗಿದರು. ತಾಯಂದಿರು ಮಕ್ಕಳ ರಟ್ಟೆ ಹಿಡಿದು ಎಳೆದರು.

"ಏನಂತ?" ಅಂದಳು ಶಿವಕ್ಕ.

ಪ್ರತೀಕ್ಷಾ ಸೇತುವೆಯ ಕಡೆ ನೋಡಿದಳು.

"ಏನಂತ ಹೇಳs."

"ನೀ ಕಟ್ಟಿದ್ದು ಅಂದ್ರ..." ಮಗಳು ಕನ್ನಡದಲ್ಲಿ ಮಾತು ಹುಡುಕಿದಳು. "ಕಾರ್ಡ್ ಇಲ್ಲದವ್ರು ಕಟ್ಟಿದ್ದು ಸೇಫ್ ಅಲ್ಲ ಅಂತ. ಚೆಕ್ ಆಗೂ ತನಕ ಕ್ಲೋಸ್. ಯಾರೂ ಮ್ಯಾಲ ನಿಲ್ಲಬಾರ್ದು."

"ಕಾರ್ಡು?"

"ನಾಟ್ ನೌ, ಮಮ್ಮಿ."

ಶಿವಕ್ಕನಿಗೆ ಮೊದಲು ಅರ್ಥವೇ ಆಗಲಿಲ್ಲ. ಅದೇ ಕಲ್ಲು. ಅದೇ ಸುಣ್ಣ. ಇದೇ ಹೆಂಗಸು ಈಗ ತಾನೇ ಅದರ ಮೇಲೆ ಕುಪ್ಪಳಿಸಿ ಇನ್ನೂರು ವರ್ಷ ಬಾಳುತ್ತದೆ ಅಂದಿದ್ದಳು. ನಿತೀಶನ ಕೈಯದಾಗಿದ್ದಾಗ ಗಟ್ಟಿಯಿದ್ದದ್ದು ಶಿವಕ್ಕನ ಕೈಯದು ಅಂದ ಕೂಡಲೇ ಬೀಳುವಂಥದಾಯಿತು. ಊರಿನಲ್ಲಿ ಇದನ್ನು ಕಂಡಿದ್ದಳು. ಅವಳ ಅಪ್ಪ ಕಟ್ಟಿದ ಬಾವಿಗೆ ಗಂಗಾಪೂಜೆಯಾದ ಮೇಲೆ ಅವನೇ ಕೈ ಹಾಕುವಂತಿರಲಿಲ್ಲ. ಇಲ್ಲಿ ಹಾಗಲ್ಲ ಅಂದುಕೊಂಡು ಇಷ್ಟು ವರ್ಷ ಕಳೆದಿದ್ದಳು. ಇಲ್ಲಿಯವರು ಜಾತಿ ಕೇಳುವುದಿಲ್ಲ, ಕಾರ್ಡು ಕೇಳುತ್ತಾರೆ. ಅದನ್ನು ಕೊಡಿಸಬೇಕಾದವನು ಅವಳ ಜಾತಿ ಬಲ್ಲ ಮುರಿಗೆಪ್ಪ.

ಸೇತುವೆ ಖಾಲಿಯಾಯಿತು. ದಂಡೆಯ ಎರಡೂ ಕಡೆ ಜನ ನಿಂತು ನೋಡುತ್ತಿದ್ದರು. ಪಾರ್ಕಿನವನೊಬ್ಬ ಕೆಂಪು ಬಿಳಿ ಪಟ್ಟಿಯ ಟೇಪು ತಂದು ಕಟ್ಟಲು ಶುರು ಮಾಡಿದ.

ಶಿವಕ್ಕ ಅವನನ್ನು ದಾಟಿ ನಡೆದಳು. ಸೇತುವೆಯ ನಡುಮಧ್ಯಕ್ಕೆ ಹೋದಳು. ಬೂಟು ಬಿಚ್ಚಿ ಬದಿಗಿಟ್ಟಳು. ಚಳಿಗಾಲದ ನೀರಿಗೆ ಬೆಳ್ಳಗೆ ಸುಲಿದುಹೋಗಿದ್ದ ಪಾದ. ಕಲ್ಲಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಳು.

ಜೆನೆಟ್ ಪ್ಲೀಸ್ ಅಂದಳು. ಟೇಪಿನವನು ಸೀಟಿ ಊದಿದ. ನಿತೀಶ ಯಾರಿಗೋ ಫೋನು ಹಚ್ಚಿದ. ಪ್ರತೀಕ್ಷಾ ಒಂದು ಗಳಿಗೆ ಟೇಪಿನ ಹತ್ತಿರ ನಿಂತಳು. ಆಮೇಲೆ ಬಗ್ಗಿ ಅದರ ಕೆಳಗಿನಿಂದ ನುಸುಳಿ ಹೋಗಿ ಅವ್ವನ ಪಕ್ಕ ಕೂತಳು.

ಮುರಿಗೆಪ್ಪ ಟೇಪಿನ ತನಕ ಓಡಿ ಬಂದ. ಮುಂದೆ ಕಾಲಿಡಲಿಲ್ಲ. ಕೌನ್ಸಿಲರ್ ನೋಡುತ್ತಿದ್ದಾನೆ, ಕೂಟದವರು ನೋಡುತ್ತಿದ್ದಾರೆ, ಎಲ್ಲರ ಫೋನುಗಳೂ ಮೇಲೆದ್ದಿವೆ. ದನಿ ತಗ್ಗಿಸಿ ಬೇಡಿಕೊಂಡ.

"ಶಿವಕ್ಕ, ಮಾನ ತೆಗೀಬ್ಯಾಡ. ನಿನ್ನ ಕಾಲಿಗಿ ಬೀಳ್ತೀನಿ. ಕೆಳಗ ಇಳಿ."

ಶಿವಕ್ಕ ತಲೆ ಎತ್ತಿ ಅವನನ್ನು ನೋಡಿದಳು. ಅವಳ ದನಿ ಎರಡೂ ದಂಡೆಗೆ ಕೇಳಿತು.

"ಇಳಿ ಅನ್ನಾಕಿ ನಾನು, ಮುರಿಗೆಪ್ಪ. ನಾ ಇನ್ನಾ ಅಂದಿಲ್ಲ."